ಜೇಬಿಗೊಂದು ಹಗುರ ಚಾಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೈದು ವರ್ಷದಿಂದ ನನ್ನ ಪ್ಯಾಂಟಿನ ಜೇಬಿನಲ್ಲಿ ಒಂದಲ್ಲ ಒಂದು ಮಡಚುವ ಚಾಕು ಇದೆ. ಆಫೀಸಿಗೆ ಯಾರ ಕೊರಿಯರ್ ಬಂದರೂ ಪೆಟ್ಟಿಗೆ ಮೊದಲು ನನ್ನ ಟೇಬಲ್ಲಿಗೇ ಬರುತ್ತದೆ. ಬಿಚ್ಚಿಕೊಟ್ಟ ಮೇಲೆ ಪ್ರಶ್ನೆ ಶುರು. ಇದೆಲ್ಲಿ ಸಿಗುತ್ತೆ, ಯಾವುದು ತಗೊಳ್ಳಲಿ, ಪೊಲೀಸರು ಹಿಡಿಯಲ್ವಾ? ಹೇಳಿ ಹೇಳಿ ಬಾಯಿಪಾಠವಾದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ದಿನವೂ ಒಯ್ಯುವ ಹಗುರ ಚಾಕುವಿನ ಮಾತು ಮಾತ್ರ ಇದು. ಅಡುಗೆಮನೆ ಚಾಕು, ತೋಟದ ಕತ್ತಿ, ಕಾಡಿಗೆ ಒಯ್ಯುವ ಚಾಕು, ಅವೆಲ್ಲ ಬೇರೆ ಕತೆ.

ಕಂಪ್ಯೂಟರ್ ಮುಂದೆ ಕೂರುವವರಿಗೆ ಚಾಕು ಯಾಕ್ರೀ?

ನನ್ನ ಅಜ್ಜನ ಎಲೆ ಅಡಿಕೆ ಸಂಚಿಯಲ್ಲಿ ಅಡಕೊತ್ತು, ಸುಣ್ಣದ ಕಾಯಿ, ಸಣ್ಣದೊಂದು ಚೂರಿ ಇರುತ್ತಿದ್ದವು. ಸುಣ್ಣದ ಕಾಯಿಯ ಸರಪಳಿಗೆ ಕಿವಿ ಗುಗ್ಗೆ ತೆಗೆಯುವ ಕಡ್ಡಿಯೂ ನೇತಾಡುತ್ತಿತ್ತು. ತೋಟಕ್ಕೆ ಹೊರಟರೆ ಸೊಂಟದ ಕೊಕ್ಕೆಯಲ್ಲಿ ಕತ್ತಿ. ಯಾರೂ ಅವರನ್ನು ಯಾಕೆ ಎಂದು ಕೇಳಲಿಲ್ಲ. ಕೈಗೆ ಬೇಕಾದ್ದು ಮೈ ಮೇಲೇ ಇರಬೇಕು, ಅಷ್ಟೇ ಲೆಕ್ಕ. ಈಗ ನಮ್ಮ ಕೆಲಸ ಬದಲಾಗಿದೆ. ಆದರೆ ಕತ್ತರಿಸುವುದು, ಬಿಚ್ಚುವುದು, ಬಿಗಿ ಮಾಡುವುದು ಮುಗಿದಿಲ್ಲ. ಕಳೆದ ವಾರ ನಾನು ಮಾಡಿದ್ದು ಇಷ್ಟು: ಐದು ಕೊರಿಯರ್ ಪೊಟ್ಟಣ ಬಿಚ್ಚಿದ್ದು, ಹೊಸ ಅಂಗಿಯ ಟ್ಯಾಗ್ ಕತ್ತರಿಸಿದ್ದು, ಬಸ್ಸಿನಲ್ಲಿ ಸೀಬೆಹಣ್ಣು ಹೆಚ್ಚಿದ್ದು, ಕನ್ನಡಕದ ತಿರುಪು ಬಿಗಿ ಮಾಡಿದ್ದು, ಮಗಳ ಬೆರಳಿಗೆ ಹೊಕ್ಕ ಸಿಬಿರು ತೆಗೆದದ್ದು. ಇದರಲ್ಲಿ ಒಂದೂ ದೊಡ್ಡ ಕೆಲಸವಲ್ಲ. ಆದರೆ ಚಾಕು ಇಲ್ಲದಿದ್ದರೆ ಇಷ್ಟಕ್ಕೂ ಹಲ್ಲು, ಉಗುರು, ಬೀಗದ ಕೈಗಳೇ ಗತಿ.

ಜಾಸ್ತಿ ಓದಲು ಪುರುಸೊತ್ತಿಲ್ಲ. ಯಾವುದು ಕೊಳ್ಳಲಿ, ಒಂದೇ ಮಾತಲ್ಲಿ ಹೇಳಿ.

ಸ್ವಿಟ್ಜರ್ಲೆಂಡಿನ ವಿಕ್ಟೊರಿನಾಕ್ಸ್ ಕಂಪನಿಯ ಕ್ಲಾಸಿಕ್ ಎಸ್‌ಡಿ. ಮಡಚಿದಾಗ 58 ಮಿ.ಮೀ. ಉದ್ದ, ತೂಕ ಸುಮಾರು 21 ಗ್ರಾಂ. ಸಣ್ಣ ಅಲಗು, ಕತ್ತರಿ, ಉಗುರಿನ ಅರ, ಆ ಅರದ ತುದಿಯಲ್ಲೇ ಸ್ಕ್ರೂ ಡ್ರೈವರ್, ಚಿಮಟ, ಹಲ್ಲುಕಡ್ಡಿ, ಬೀಗದ ಕೈಗೆ ಸಿಕ್ಕಿಸಲು ಉಂಗುರ. ನನ್ನನ್ನು ಕೇಳಿದ ಹತ್ತು ಜನರಲ್ಲಿ ಏಳು ಜನಕ್ಕೆ ಇಷ್ಟು ಸಾಕು. ಉಳಿದ ಮೂವರು ಮುಂದೆ ಓದಬೇಕು.

ಹಗುರ ಅಂದರೆ ಎಷ್ಟು ಗ್ರಾಂ? ಐವತ್ತು, ನೂರು ಎಲ್ಲ ಒಂದೇ ಅಲ್ವಾ?

ಅಲ್ಲ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದಾಗ ಎಲ್ಲವೂ ಹಗುರವೇ. ಹತ್ತು ಗಂಟೆ ಜೇಬಿನಲ್ಲಿಟ್ಟುಕೊಂಡು ಓಡಾಡಿದಾಗ ಗೊತ್ತಾಗುತ್ತದೆ.

ಕೊಳ್ಳುವ ಮೊದಲೇ ಪರೀಕ್ಷೆ ಮಾಡಲು ನನ್ನದೊಂದು ಉಪಾಯವಿದೆ. ನಮ್ಮ ಹತ್ತು ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಕ್ಲಾಸಿಕ್ ಎಂದರೆ ಹೆಚ್ಚು ಕಡಿಮೆ ಮೂರು ನಾಣ್ಯ. ವಿಕ್ಟೊರಿನಾಕ್ಸ್‌ನದೇ 84 ಮಿ.ಮೀ. ಉದ್ದದ, ಅಲ್ಯೂಮಿನಿಯಂ ಹಿಡಿಯ ಕೆಡೆಟ್ ಅಲಾಕ್ಸ್ 46 ಗ್ರಾಂ, ಅಂದರೆ ಆರು ನಾಣ್ಯ. ಅವರದೇ ಕ್ಲೈಂಬರ್ 82 ಗ್ರಾಂ, ಹತ್ತು ಹನ್ನೊಂದು ನಾಣ್ಯ. ಅಮೆರಿಕದ ಲೆದರ್‌ಮನ್ ಕಂಪನಿಯ, ಪ್ಲೈಯರ್ ಇರುವ ಸ್ಕೆಲಿಟೂಲ್ 142 ಗ್ರಾಂ, ಹದಿನೆಂಟು ನಾಣ್ಯ. ಅದೇ ಕಂಪನಿಯ ವೇವ್ ಪ್ಲಸ್ 241 ಗ್ರಾಂ, ಮೂವತ್ತೊಂದು ನಾಣ್ಯ! ನಿಮಗೆ ಇಷ್ಟವಾದ ಚಾಕುವಿನ ತೂಕದಷ್ಟು ನಾಣ್ಯಗಳನ್ನು ಕರ್ಚೀಫಿನಲ್ಲಿ ಬಿಗಿಯಾಗಿ ಗಂಟು ಕಟ್ಟಿ. ಎರಡು ದಿನ ಜೇಬಿನಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿ, ಬೈಕ್ ಓಡಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಿ. ಎರಡನೇ ದಿನ ಗಂಟು ತೆಗೆದು ಟೇಬಲ್ ಮೇಲಿಟ್ಟರೆ, ಚಾಕುವನ್ನೂ ಅಲ್ಲೇ ಇಡುತ್ತೀರಿ ಎಂದು ಲೆಕ್ಕ.

ನನ್ನ ಅನುಭವದಲ್ಲಿ 60 ಗ್ರಾಂ ಒಂದು ಗಡಿ. ಅದರ ಕೆಳಗಿದ್ದರೆ ಮರೆತೇ ಹೋಗುತ್ತದೆ. 60ರಿಂದ 100 ಗ್ರಾಂವರೆಗೆ ಜೀನ್ಸ್ ಜೇಬಿಗೆ ಪರವಾಗಿಲ್ಲ, ತೆಳು ಕಾಟನ್ ಪ್ಯಾಂಟಿಗೆ ಭಾರ. ಅಂಗಿ ಜೇಬಿಗಂತೂ 30 ಗ್ರಾಂ ಮೀರಿದ್ದು ಬೇಡ. ಬಗ್ಗಿದ ಕೂಡಲೇ ಜಾರಿ ಬೀಳುತ್ತದೆ. ನಾನೊಂದನ್ನು ಹಾಗೇ ಊರಿನ ಬಾವಿಗೆ ಅರ್ಪಿಸಿದ್ದೇನೆ. ಪಂಚೆ ಉಡುವ ದಿನ ಎಲ್ಲಿಡಲಿ ಎಂದರೆ, ಬೀಗದ ಕೈ ಗೊಂಚಲೇ ದಾರಿ.

ಇಷ್ಟು ಸಣ್ಣ ಅಲಗಿನಿಂದ ಏನು ಕತ್ತರಿಸಲು ಸಾಧ್ಯ?

ಕ್ಲಾಸಿಕ್‌ನದು ಸುಮಾರು ನಾಲ್ಕು ಸೆಂ.ಮೀ. ಅಲಗು. ಟೇಪು, ದಾರ, ಹಾಲಿನ ಪ್ಯಾಕೆಟ್, ನಿಂಬೆಹಣ್ಣು, ಸಿಮೆಂಟ್ ಚೀಲದ ಹೊಲಿಗೆ ಎಲ್ಲ ಆಗುತ್ತದೆ. ಸೇಬು ಹೆಚ್ಚಲು ತುಸು ಕಷ್ಟ. ಮಾವಿನಹಣ್ಣು ಹೆಚ್ಚಬಹುದು, ಆದರೆ ರಸವೆಲ್ಲ ಕೀಲಿನೊಳಗೆ ಹೋಗುತ್ತದೆ.

ಹಣ್ಣು ಹೆಚ್ಚುವುದೇ ನಿಮ್ಮ ಮುಖ್ಯ ಕೆಲಸವಾದರೆ ಮಡಚಿದಾಗ 84 ಅಥವಾ 91 ಮಿ.ಮೀ. ಇರುವ ಚಾಕು ನೋಡಿ. 91ರ ಅಲಗು ಏಳು ಸೆಂ.ಮೀ. ಹತ್ತಿರ ಬರುತ್ತದೆ. ಈ ಅಳತೆಯಲ್ಲಿ ಸ್ಪಾರ್ಟನ್, ಟಿಂಕರ್ ಎರಡೂ 60 ಗ್ರಾಂ ಆಸುಪಾಸು. ಟಿಂಕರ್‌ನಲ್ಲಿ, ವೈನ್ ಬಾಟಲಿಯ ಬಿರಡೆ ತೆಗೆಯುವ ಸುರುಳಿಯ ಬದಲು ಪ್ಲಸ್ ಸ್ಕ್ರೂ ಡ್ರೈವರ್ ಇದೆ. ನಮ್ಮ ಮನೆಗಳ ಸ್ವಿಚ್ ಬೋರ್ಡು, ಆಟಿಕೆಯ ಬ್ಯಾಟರಿ ಮುಚ್ಚಳ, ಬಾಗಿಲ ಚಿಲಕ ಎಲ್ಲಕ್ಕೂ ಪ್ಲಸ್ ತಿರುಪೇ ಜಾಸ್ತಿ. ಹಾಗಾಗಿ ಎರಡರಲ್ಲಿ ನನ್ನ ಮತ ಟಿಂಕರ್‌ಗೆ. ಸ್ವಿಚ್ ಬೋರ್ಡ್ ಬಿಚ್ಚುವ ಮೊದಲು ಮೇನ್ ಆಫ್ ಮಾಡುವುದನ್ನು ಮರೆಯಬೇಡಿ. ಈ ಚಾಕುಗಳ ಹಿಡಿ ಕರೆಂಟ್ ತಡೆಯಲೆಂದು ಮಾಡಿದ್ದಲ್ಲ, ಒಳಗೆಲ್ಲ ಬರೀ ಲೋಹ.

ಕತ್ತರಿ ಇರಲೇಬೇಕಾ? ಅಲಗು ಇದ್ದ ಮೇಲೆ ಕತ್ತರಿ ಯಾಕೆ?

ಇರಲೇಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಒಂದು ತಿಂಗಳು ಸುಮ್ನೆ ಕುತೂಹಲಕ್ಕೆ ಲೆಕ್ಕ ಇಟ್ಟಿದ್ದೆ. ಚಾಕು ಜೇಬಿನಿಂದ ಹೊರಗೆ ಬಂದ ಪ್ರತಿ ಮೂರು ಸಲದಲ್ಲಿ ಎರಡು ಸಲ ನಾನು ತೆರೆದದ್ದು ಕತ್ತರಿಯನ್ನು. ಮಾತ್ರೆಯ ಪಟ್ಟಿ, ಶಾಂಪೂ ಸ್ಯಾಶೆ, ಉಗುರು, ಅಂಗಿಯ ನೂಲು, ಗಾಯದ ಪಟ್ಟಿ, ಹೂವಿನ ಮಾಲೆಯ ದಾರ. ಇವನ್ನೆಲ್ಲ ಅಲಗಿನಲ್ಲಿ ಮಾಡಬಹುದು, ಆದರೆ ಒಂದು ಕೈ ಬಿಗಿಯಾಗಿ ಎಳೆದು ಹಿಡಿಯಬೇಕು, ಜಾರಿದರೆ ಬೆರಳು. ಕತ್ತರಿಗೆ ಆ ಭಯವಿಲ್ಲ. ಇನ್ನೊಂದು ಲಾಭ ಹೇಳುವವರು ಕಡಿಮೆ. ಮದುವೆ ಮನೆಯಲ್ಲೋ ಬ್ಯಾಂಕಿನಲ್ಲೋ ಚಾಕು ತೆರೆದರೆ ಪಕ್ಕದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಕತ್ತರಿ ತೆರೆದರೆ "ಸ್ವಲ್ಪ ಇಲ್ಲೂ ಕತ್ತರಿಸಿ ಕೊಡ್ರಿ" ಎಂದು ಹತ್ತಿರ ಬರುತ್ತಾರೆ.

91ರಲ್ಲಿ ಕತ್ತರಿ ಬೇಕಾದರೆ ಕ್ಲೈಂಬರ್ ಇದೆ. ಅದಕ್ಕಿಂತ ತೆಳ್ಳಗಿನದು ಕಾಂಪ್ಯಾಕ್ಟ್, 64 ಗ್ರಾಂ. ಸಣ್ಣ ಅಲಗನ್ನು ಬಿಟ್ಟು ಒಂದೇ ದೊಡ್ಡ ಅಲಗು, ಕತ್ತರಿ, ಡಬ್ಬಿಗೂ ಬಾಟಲಿಗೂ ಸೇರಿ ಒಂದೇ ಓಪನರ್, ಹಿಡಿಯೊಳಗೆ ಸಣ್ಣ ಬಾಲ್‌ಪೆನ್ನು, ಗುಂಡುಪಿನ್ನು. ಎರಡೇ ಪದರದಲ್ಲಿ ಇಷ್ಟು ತುಂಬಿದ ಇನ್ನೊಂದು ಚಾಕು ನನಗೆ ಸಿಕ್ಕಿಲ್ಲ. ಈಗ ನನ್ನ ಜೇಬಿನಲ್ಲಿರುವುದು ಅದೇ.

ಕತ್ತರಿಯ ದುರ್ಬಲ ಜಾಗ ಅದರ ಪುಟ್ಟ ಸ್ಪ್ರಿಂಗ್. ಕೆಲವು ವರ್ಷಕ್ಕೆ ಮುರಿಯಬಹುದು. ಅದನ್ನು ಬದಲಾಯಿಸಲು ಬರುತ್ತದೆ, ಇಡೀ ಚಾಕು ಎಸೆಯಬೇಕಿಲ್ಲ.

ಪ್ಲೈಯರ್ ಇರುವುದನ್ನೇ ಕೊಂಡರೆ ಒಂದೇ ಸಲಕ್ಕೆ ಎಲ್ಲ ಮುಗಿಯಲ್ವಾ?

ಇದು ಗಂಡಸರು ಜಾಸ್ತಿ ಕೇಳುವ ಪ್ರಶ್ನೆ. ನಾನೂ ಒಂದು ಕಾಲದಲ್ಲಿ ಹೀಗೇ ಯೋಚಿಸಿ ಕಾಲು ಕೆ.ಜಿ. ಹತ್ತಿರದ್ದೊಂದು ಕೊಂಡೆ. ಮೊದಲ ವಾರ ಸೊಂಟಕ್ಕೆ, ಎರಡನೇ ವಾರ ಬ್ಯಾಗಿಗೆ, ಮೂರನೇ ವಾರ ಕಾರಿನ ಡ್ಯಾಶ್‌ಬೋರ್ಡಿಗೆ. ಈಗಲೂ ಅಲ್ಲೇ ಇದೆ.

ಪ್ಲೈಯರ್ ಇರುವ ಮಲ್ಟಿಟೂಲ್ ಹುಟ್ಟಿದ್ದೇ ಕಾರಿನ ಕಾಟದಿಂದ. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿಯ ಜೊತೆ ಹಳೆಯ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದರು. ಕಾರು ಪದೇ ಪದೇ ಕೆಡುತ್ತಿತ್ತು. ಜೇಬಿನಲ್ಲಿ ಇದ್ದದ್ದು ಸ್ಕೌಟ್ ಚಾಕು, ಬೇಕಾಗಿದ್ದದ್ದು ಪ್ಲೈಯರ್. ಊರಿಗೆ ವಾಪಸಾಗಿ ವರ್ಷಗಟ್ಟಲೆ ಒದ್ದಾಡಿ, 1983ರಲ್ಲಿ ಪ್ಲೈಯರ್ ಒಳಗೇ ಚಾಕು ಮಡಚಿಟ್ಟ ಮೊದಲ ಸಲಕರಣೆ ಮಾರಾಟಕ್ಕೆ ತಂದರು. ಕೆಟ್ಟು ನಿಲ್ಲುವ ಯಂತ್ರದ ಜೊತೆ ದಿನ ಕಳೆಯುವವರಿಗೆ ಅದು ವರವೇ. ಬೈಕ್ ಮೆಕ್ಯಾನಿಕ್, ಕೇಬಲ್ ಹುಡುಗರು, ಸೌಂಡ್ ಸಿಸ್ಟಮ್ ಹಾಕುವವರು, ಪಂಪ್‌ಸೆಟ್ ಇರುವ ರೈತರು ಧಾರಾಳವಾಗಿ ತಗೊಳ್ಳಲಿ. ನಮ್ಮ ನಿಮ್ಮಂಥವರಿಗೆ ವರ್ಷಕ್ಕೆ ನಾಲ್ಕು ಸಲ ಪ್ಲೈಯರ್ ಬೇಕಾಗುತ್ತದೆ. ಅದಕ್ಕೆ ಮನೆಯ ಡ್ರಾಯರಿನಲ್ಲಿ ಒಂದು ಸಾದಾ ಕಟಿಂಗ್ ಪ್ಲೇಯರ್ ಇದ್ದರೆ ಸಾಕು, ಮತ್ತು ಅದು ಯಾವ ಮಡಚುವ ಪ್ಲೈಯರಿಗಿಂತಲೂ ಗಟ್ಟಿ.

ಆದರೂ ಆಸೆ ಬಿಡಲಿಲ್ಲವೆಂದರೆ ಸ್ಕೆಲಿಟೂಲ್ ನೋಡಿ. ಪ್ಲೈಯರ್ ಇರುವ ಪೂರ್ತಿ ಅಳತೆಯವುಗಳಲ್ಲಿ ಅದು ಹಗುರ. ಒಂದು ಮಾತು, ಅದರಲ್ಲಿ ಕತ್ತರಿ ಇಲ್ಲ. ಲೆದರ್‌ಮನ್ ಮೈಕ್ರಾ ಇದಕ್ಕೆ ಉಲ್ಟಾ. 51 ಗ್ರಾಂ, ಪ್ಲೈಯರ್ ಜಾಗದಲ್ಲಿ ಒಳ್ಳೆಯ ಗಟ್ಟಿ ಕತ್ತರಿ. ಹೊಲಿಗೆ, ಕರಕುಶಲ ಕೆಲಸ ಮಾಡುವವರಿಗೆ ನಾನು ಅದನ್ನೇ ಹೇಳುವುದು.

ನಾನು ವೈನ್ ಕುಡಿಯಲ್ಲ. ಆ ಸುರುಳಿ ಸುಮ್ನೆ ಭಾರ ಅಲ್ವಾ?

ಸುರುಳಿ ಎಲ್ಲಿಂದ ಬಂತು ಎಂದು ಮೊದಲು ಹೇಳುತ್ತೇನೆ. ಕಾರ್ಲ್ ಎಲ್ಸೆನರ್ ಸ್ವಿಟ್ಜರ್ಲೆಂಡಿನ ಈಬಾಖ್ ಎಂಬ ಊರಿನಲ್ಲಿ 1884ರಲ್ಲಿ ಚಾಕು ಕಾರ್ಖಾನೆ ತೆರೆದವರು. 1891ರಲ್ಲಿ ಅಲ್ಲಿನ ಸೈನಿಕರಿಗೆ ಚಾಕು ಕೊಡಲು ಶುರು ಮಾಡಿದರು. ಸೈನಿಕರ ಚಾಕು ಬೇಕಾಗಿದ್ದದ್ದು ಡಬ್ಬಿ ತೆರೆಯಲು, ಬಂದೂಕು ಬಿಚ್ಚಲು. ಅದು ಗಟ್ಟಿಯಾಗಿತ್ತು, ಭಾರವೂ ಆಗಿತ್ತು. ಆಮೇಲೆ 1897ರಲ್ಲಿ ಅಧಿಕಾರಿಗಳಿಗೆಂದು ಹಗುರವಾದ ಚಾಕು ಮಾಡಿದರು, ಸುರುಳಿ ಬಂದದ್ದು ಅದರಲ್ಲಿ. ತಮಾಷೆ ಏನೆಂದರೆ ಸೈನ್ಯ ಅದನ್ನು ಕೊಡಲಿಲ್ಲ, ಅಧಿಕಾರಿಗಳು ಸ್ವಂತ ಕಾಸು ಕೊಟ್ಟು ಕೊಂಡರು. ನಾವು ಸ್ವಿಸ್ ಆರ್ಮಿ ನೈಫ್ ಎಂದು ಕರೆಯುವುದು ಈ ಹಗುರ ಚಾಕುವಿನ ವಂಶವನ್ನೇ. ವಿಕ್ಟೋರಿಯಾ ಎಂಬುದು ಎಲ್ಸೆನರ್ ತಾಯಿಯ ಹೆಸರು, ಇನಾಕ್ಸ್ ಎಂದರೆ ತುಕ್ಕು ಹಿಡಿಯದ ಉಕ್ಕು. ಎರಡೂ ಸೇರಿ ವಿಕ್ಟೊರಿನಾಕ್ಸ್.

ಇನ್ನು ನಿಮ್ಮ ಪ್ರಶ್ನೆಗೆ. ಸುರುಳಿಯೊಳಗೆ ಕನ್ನಡಕದ ತಿರುಪಿಗೆ ಬೇಕಾದ ಪುಟ್ಟ ಸ್ಕ್ರೂ ಡ್ರೈವರನ್ನು ತಿರುಗಿಸಿ ಕೂರಿಸಬಹುದು. ಕೆಲವು ಚಾಕುಗಳಲ್ಲಿ ಜೊತೆಗೇ ಬರುತ್ತದೆ, ಇಲ್ಲದಿದ್ದರೆ ಬೇರೆ ಸಿಗುತ್ತದೆ. ಕನ್ನಡಕ ಹಾಕುವವರಿಗೆ ಇದೊಂದೇ ಸಾಕು ಸುರುಳಿಯನ್ನು ಕ್ಷಮಿಸಲು. ಇನ್ನೊಂದು ಕೆಲಸ ಗಂಟು ಬಿಡಿಸುವುದು. ಮಳೆಯಲ್ಲಿ ನೆಂದ ಹಗ್ಗದ ಗಂಟಿಗೆ ಸುರುಳಿಯ ಮೊನೆ ತೂರಿಸಿ ಎಳೆದು ನೋಡಿ, ಉಗುರು ಉಳಿಯುತ್ತದೆ.

ಅಲಗಿಗೆ ಲಾಕ್ ಇರಬೇಕಾ?

ಸಣ್ಣ ಸ್ವಿಸ್ ಚಾಕುಗಳಲ್ಲಿ ಲಾಕ್ ಇರುವುದಿಲ್ಲ. ತೆರೆದ ಅಲಗನ್ನು ಹಿಂದಿನ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ, ಅಷ್ಟೇ. ಕೊಯ್ಯಲು ಅದು ಸಾಕು, ಯಾಕೆಂದರೆ ಕೊಯ್ಯುವಾಗ ಬಲ ಅಲಗನ್ನು ಇನ್ನಷ್ಟು ತೆರೆಯುವ ಕಡೆಗೇ ಇರುತ್ತದೆ. ಚುಚ್ಚಿದರೆ ಕೆಟ್ಟಿತು. ಅಲಗು ಮಡಚಿ ಬೆರಳ ಮೇಲೆ ಬರುತ್ತದೆ. ದಬ್ಬಳದಂಥ ಮೊನೆಯೂ ಹಾಗೇ. ಬೆಲ್ಟಿಗೆ ಇನ್ನೊಂದು ತೂತು ಮಾಡಲು ಹೋಗಿ ನನ್ನ ತೋರುಬೆರಳಿಗೆ ಮೂರು ಹೊಲಿಗೆ ಬಿದ್ದಿವೆ. ತೂತು ಈಗಲೂ ಅರ್ಧಕ್ಕೇ ನಿಂತಿದೆ. ಚುಚ್ಚುವ ಕೆಲಸ ಜಾಸ್ತಿ ಇದ್ದರೆ ಮಾತ್ರ ಲಾಕ್ ಇರುವುದನ್ನು ಕೊಳ್ಳಿ. ತೂಕ ಏರುತ್ತದೆ, ಕೆಲವು ದೇಶಗಳಲ್ಲಿ ಕಾನೂನಿನ ತಲೆನೋವೂ ಏರುತ್ತದೆ.

ಯಾವ ಸ್ಟೀಲ್ ಒಳ್ಳೆಯದು?

ಈ ಚರ್ಚೆಗೆ ಕೊನೆ ಇಲ್ಲ, ಹಾಗಾಗಿ ಚುಟುಕಾಗಿ ಮುಗಿಸುತ್ತೇನೆ. ವಿಕ್ಟೊರಿನಾಕ್ಸ್ ಅಲಗಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56ರ ಹತ್ತಿರ. ತುಸು ಮೆತ್ತಗಿನ ಉಕ್ಕು. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ತುಕ್ಕಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಗಡಸು ಉಕ್ಕಿನ ಅಲಗು ತಿಂಗಳುಗಟ್ಟಲೆ ಹರಿತ ಉಳಿಸಿಕೊಳ್ಳುತ್ತದೆ, ಆದರೆ ಮನೆಯ ಕಲ್ಲಿನಲ್ಲಿ ಮಸೆಯಲು ಕೂತರೆ ಸಂಜೆಯಾಗುತ್ತದೆ. ದಿನದ ಬಳಕೆಗೆ ನಾನು ಮೆತ್ತಗಿನದರ ಪರ.

ನಮ್ಮೂರು ಮಲೆನಾಡು, ನಾಲ್ಕು ತಿಂಗಳು ಮಳೆ. ತುಕ್ಕು ಹಿಡಿಯಲ್ವಾ?

ಸ್ಟೇನ್‌ಲೆಸ್ ಎಂದರೆ ತುಕ್ಕು ನಿಧಾನ ಎಂದು ಅರ್ಥ, ತುಕ್ಕೇ ಇಲ್ಲ ಎಂದಲ್ಲ. ಅಲಗಿಗಿಂತ ಮೊದಲು ಒಳಗಿನ ಸ್ಪ್ರಿಂಗ್ ಮತ್ತು ಕೀಲಿನ ಜಾಗದಲ್ಲಿ ಕೆಂಪು ಚುಕ್ಕಿ ಏಳುತ್ತದೆ. ಬೆವರು, ಒದ್ದೆ ಜೇಬು, ಕರಾವಳಿಯಲ್ಲಾದರೆ ಉಪ್ಪುಗಾಳಿ. ಆಷಾಢದಲ್ಲಿ ನಾನು ವಾರಕ್ಕೊಮ್ಮೆ ಎಲ್ಲ ಅಲಗು ತೆರೆದು, ಬಟ್ಟೆಯಲ್ಲಿ ಒರೆಸಿ, ಒಲೆಯ ಹತ್ತಿರ ಬೆಚ್ಚಗಿನ ಜಾಗದಲ್ಲಿ ಸ್ವಲ್ಪ ಹೊತ್ತು ಇಡುತ್ತೇನೆ. ಆಮೇಲೆ ಕೀಲಿಗೆ ಒಂದೊಂದು ಹನಿ ಎಣ್ಣೆ.

ಫ್ರಾನ್ಸಿನ ಒಪಿನೆಲ್ ಚಾಕುವಿನ ಬಗ್ಗೆ ಬಹಳ ಜನ ಕೇಳುತ್ತಾರೆ. 1890ರಿಂದ ಬರುತ್ತಿರುವ ಮರದ ಹಿಡಿಯ ಚಾಕು, ಹಗುರ, ನೋಡಲು ಸೊಗಸು. ಹಣ್ಣು ಹೆಚ್ಚಲು ಅದರ ತೆಳು ಅಲಗಿನ ಮುಂದೆ ಬೇರೆಯದು ನಿಲ್ಲುವುದಿಲ್ಲ. ಆದರೆ ಅದು ಬರೀ ಚಾಕು, ಬೇರೆ ಸಲಕರಣೆ ಇಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಒಳಗೇ ಸಿಕ್ಕಿಕೊಳ್ಳುತ್ತದೆ. ಬೇಸಗೆ ಬಂದರೆ ಮತ್ತೆ ಸರಿ. ಕೊಳ್ಳುವುದಾದರೆ ಇನಾಕ್ಸ್ ಎಂದು ಬರೆದದ್ದನ್ನೇ ನೋಡಿ. ಕಾರ್ಬನ್ ಅಲಗಿನಲ್ಲಿ ಒಮ್ಮೆ ಮಾವಿನಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಪ್ಪಾಗುತ್ತದೆ.

ಹಲಸಿನ ಮೇಣ ಮೆತ್ತಿಕೊಂಡು ತೆರೆಯಲು ಬರುತ್ತಿಲ್ಲ. ಏನು ಮಾಡಲಿ?

ಅಯ್ಯೋ, ಜೇಬಿನ ಚಾಕುವಿನಲ್ಲಿ ಹಲಸು ಬಿಡಿಸಿದಿರಾ! ಅದಕ್ಕೆ ಮನೆಯ ಮೆಟ್ಟುಕತ್ತಿಯೇ ಸರಿ.

ಆದದ್ದು ಆಯಿತು. ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ, ಮೇಣ ಸಡಿಲವಾಗುತ್ತದೆ. ಹಳೆಯ ಟೂತ್ ಬ್ರಷ್ಷಿನಲ್ಲಿ ಉಜ್ಜಿ. ಆಮೇಲೆ ಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಚಾಕುವನ್ನು ಅದರಲ್ಲಿ ಮುಳುಗಿಸಿ ಹತ್ತಾರು ಸಲ ತೆರೆದು ಮುಚ್ಚಿ. ಪೂರ್ತಿ ಒಣಗಿಸಿ. ತೆಂಗಿನೆಣ್ಣೆಯನ್ನು ಮಾತ್ರ ಕೀಲಿನಲ್ಲಿ ಉಳಿಸಬೇಡಿ. ಅಡುಗೆ ಎಣ್ಣೆಗಳು ದಿನ ಕಳೆದಂತೆ ಧೂಳು ಸೇರಿ ಅಂಟಾಗುತ್ತವೆ, ತೆಂಗಿನೆಣ್ಣೆ ಚಳಿಗೆ ಗಟ್ಟಿಯೂ ಆಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಹಣ್ಣು ಹೆಚ್ಚುವ ಚಾಕುವಾದರೆ ತಿನ್ನುವ ವಸ್ತುವಿಗೆ ತಾಗಬಹುದಾದ ಮಿನರಲ್ ಆಯಿಲ್ ಉತ್ತಮ.

ಸಾಣೆಯವನಿಗೆ ಕೊಡಬಹುದಾ?

ಬೀದಿಯಲ್ಲಿ ಸೈಕಲ್ ತುಳಿದು ಸಾಣೆ ಹಿಡಿಯುವವರಿಗೆ ಈಳಿಗೆಮಣೆ ಕೊಡಿ, ಮಚ್ಚು ಕೊಡಿ. ಈ ತೆಳು ಅಲಗು ಬೇಡ. ತಿರುಗುವ ಚಕ್ರದ ಬಿಸಿಗೆ ಅಂಚು ಮೆತ್ತಗಾಗುತ್ತದೆ, ಎರಡು ಸಲಕ್ಕೆ ಅಲಗೂ ಸವೆದು ಅರ್ಧವಾಗುತ್ತದೆ.

ಮನೆಯಲ್ಲೇ ಮಾಡಿ. ಒಂದು ಕಡೆ ಒರಟು, ಒಂದು ಕಡೆ ನುಣುಪು ಇರುವ ಸಾಣೆಕಲ್ಲು ಸಾಕು. ಅಲಗನ್ನು ಕಲ್ಲಿನಿಂದ 15ರಿಂದ 20 ಡಿಗ್ರಿ ಎತ್ತಿ ಹಿಡಿಯಬೇಕು. ಡಿಗ್ರಿ ಅಳೆಯಲು ಹೋಗಬೇಡಿ. ಅಲಗಿನ ಬೆನ್ನ ಕೆಳಗೆ ಒಂದು ಹತ್ತು ರೂಪಾಯಿ ನಾಣ್ಯ ಮಲಗಿಸಿ ತೂರಿಸಿದರೆ ಎಷ್ಟು ಎತ್ತರವೋ ಅದಕ್ಕಿಂತ ತುಸು ಮೇಲೆ. ಹತ್ತು ಸಲ ಈ ಕಡೆ, ಹತ್ತು ಸಲ ಆ ಕಡೆ, ಆಮೇಲೆ ಐದೈದು, ಕೊನೆಗೆ ಒಂದೊಂದು. ಕಲ್ಲು ಇಲ್ಲವಾದರೆ ಪಿಂಗಾಣಿ ಕಪ್ಪು ಬೋರಲು ಹಾಕಿ. ಅದರ ತಳದ ಒರಟು ಉಂಗುರದ ಮೇಲೆ ಮಸೆದರೂ ಆಗುತ್ತದೆ. ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಹಿಮ್ಮುಖವಾಗಿ ಎಳೆದು ಮುಗಿಸಿ. ಟೊಮೆಟೊ ಸಿಪ್ಪೆ ಒತ್ತದೆಯೇ ಸೀಳಿದರೆ ಗೆದ್ದಿರಿ.

ಮೊಂಡು ಚಾಕುವೇ ಜಾಸ್ತಿ ಗಾಯ ಮಾಡುವುದು. ಒತ್ತಬೇಕಾಗುತ್ತದೆ, ಒತ್ತಿದ್ದು ಜಾರುತ್ತದೆ.

ಪೊಲೀಸರು ಹಿಡಿದರೆ? ಲೈಸೆನ್ಸ್ ಬೇಕಾ?

ನಮ್ಮ ದೇಶದ ಶಸ್ತ್ರಾಸ್ತ್ರ ಕಾಯ್ದೆ 1959ರದ್ದು. ಅದರ ನಿಯಮಗಳಲ್ಲಿ ಚಾಕು ಆಯುಧದ ಪಟ್ಟಿಗೆ ಸೇರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದಾಗ. ಮನೆ, ಕೃಷಿ, ಉದ್ಯಮದ ಕೆಲಸಕ್ಕೆಂದು ಮಾಡಿದವು ಅದರಿಂದಲೂ ಹೊರಗೆ. ನಮ್ಮ ಚಾಕುವಿನ ಅಲಗು ಮೂರು ಇಂಚೂ ಇಲ್ಲ. ಲೈಸೆನ್ಸ್ ಪ್ರಶ್ನೆ ಬರುವುದಿಲ್ಲ.

ಆದರೆ ಅಲ್ಲಿಗೇ ಮುಗಿಯಲಿಲ್ಲ. ನಿಷೇಧಾಜ್ಞೆ ಇರುವಾಗ, ಗಲಾಟೆಯ ಭಯ ಇರುವಾಗ ಚಾಕು, ದೊಣ್ಣೆ ಒಯ್ಯುವುದನ್ನೇ ನಿಲ್ಲಿಸುವ ಅಧಿಕಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿದೆ. ಅಂಥ ದಿನ ಮನೆಯಲ್ಲೇ ಬಿಡಿ. ದೆಹಲಿಗೆ ಹೋಗುವವರು ಗಮನಿಸಿ: ಅಲ್ಲಿ 1980ರ ಅಧಿಸೂಚನೆಯೊಂದು ಗುಂಡಿ ಒತ್ತಿದರೆ ಚಿಮ್ಮುವಂಥ, 7.62 ಸೆಂ.ಮೀ. ಅಥವಾ ಹೆಚ್ಚು ಉದ್ದದ ಅಲಗಿನ ಚಾಕುಗಳನ್ನು ನಿರ್ಬಂಧಿಸಿದೆ. ಚಿಮ್ಮುವ ಚಾಕು ಎಲ್ಲಿಯೂ ಬೇಡ ಎಂಬುದು ನನ್ನ ಸಲಹೆ. ಕೆಲಸಕ್ಕಿಂತ ಶೋಕಿಯೇ ಜಾಸ್ತಿ ಅದರಲ್ಲಿ. ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಕಪ್ಪು ಚಾಕು ನೋಡಿದವರ ಮುಖ ಒಂದು ಥರ, ಕೆಂಪು ಚಾಕು ನೋಡಿದವರದ್ದು ಇನ್ನೊಂದು ಥರ.

ಆತ್ಮರಕ್ಷಣೆಗೆ ಆಗುತ್ತದಾ?

ಇಲ್ಲ. ನಾಲ್ಕು ಸೆಂಟಿಮೀಟರ್ ಅಲಗು, ತೆರೆಯಲು ಎರಡು ಕೈ ಬೇಕು, ಲಾಕ್ ಇಲ್ಲ. ಓಡಿ.

ಮೆಟ್ರೊ, ವಿಮಾನದಲ್ಲಿ ಒಯ್ಯಬಹುದಾ?

ವಿಮಾನದಲ್ಲಿ ಕೈಚೀಲದಲ್ಲಿ ಆಗದು, ಚೆಕ್‌ಇನ್ ಬ್ಯಾಗಿನಲ್ಲಿ ಆಗುತ್ತದೆ. ಇಷ್ಟು ಸರಳ ನಿಯಮ ಗೊತ್ತಿದ್ದೂ ನಾನು ಎರಡು ಚಾಕು ಕಳೆದುಕೊಂಡಿದ್ದೇನೆ. ಎರಡೂ ಸಲ ಬೆಳಗಿನ ಜಾವದ ವಿಮಾನ, ಎರಡೂ ಸಲ ಬೀಗದ ಕೈ ಗೊಂಚಲಿನಲ್ಲಿ ನೇತಾಡುತ್ತಿದ್ದ ಕ್ಲಾಸಿಕ್. ತಪಾಸಣೆ ಮಾಡುವವರು ಟ್ರೇಯಿಂದ ಎತ್ತಿ ತೋರಿಸಿದಾಗಲೇ ನೆನಪಾದದ್ದು. ಈಗ ಗೊಂಚಲಿಗೆ ಥಟ್ಟನೆ ಬಿಚ್ಚಬಹುದಾದ ಕೊಂಡಿ ಹಾಕಿದ್ದೇನೆ. ಪ್ರಯಾಣದ ಹಿಂದಿನ ರಾತ್ರಿ ಬಿಚ್ಚಿ ಚಪ್ಪಲಿಯ ಪಕ್ಕ ಇಡುತ್ತೇನೆ.

ಮೆಟ್ರೊ, ಮಾಲ್, ಸಿನಿಮಾ ಮಂದಿರ, ಕೋರ್ಟು, ಕ್ರಿಕೆಟ್ ಮೈದಾನ ಎಲ್ಲೆಡೆ ತಪಾಸಣೆ ಇದೆ. ತಡೆದರೆ ವಾದ ಬೇಡ. ದಿನವೂ ಮೆಟ್ರೊದಲ್ಲಿ ಹೋಗುವವರಿಗೆ ನನ್ನ ಮಾತು: ಚಾಕುವನ್ನು ಆಫೀಸಿನ ಡ್ರಾಯರಿನಲ್ಲಿ ಒಂದು, ಮನೆಯಲ್ಲಿ ಒಂದು ಇಡಿ. ಇಲ್ಲವೇ ಅಲಗೇ ಇಲ್ಲದ ವಿಕ್ಟೊರಿನಾಕ್ಸ್ ಜೆಟ್‌ಸೆಟರ್ ಥರದ್ದು ನೋಡಿ. ಕತ್ತರಿ ಇರುತ್ತದೆ, ಅಲಗು ಇರುವುದಿಲ್ಲ. ಅದನ್ನೂ ಬಿಡುವುದು ಬಿಡದಿರುವುದು ಎದುರಿಗೆ ನಿಂತವರ ಕೈಯಲ್ಲಿದೆ.

ಮಗ ಲಂಡನ್ನಿನಲ್ಲಿದ್ದಾನೆ, ತಂಗಿ ಜರ್ಮನಿಯಲ್ಲಿ. ಕಳಿಸಬಹುದಾ?

ಬ್ರಿಟನ್ನಿನಲ್ಲಿ ಲಾಕ್ ಇಲ್ಲದ, ಹರಿತದ ಅಂಚು 3 ಇಂಚು ಮೀರದ ಮಡಚುವ ಚಾಕುವನ್ನು ಕಾರಣ ಹೇಳದೆ ಒಯ್ಯಬಹುದು. ಕ್ಲೈಂಬರ್, ಟಿಂಕರ್ ಎಲ್ಲ ಇದರೊಳಗೆ ಬರುತ್ತವೆ. ಲಾಕ್ ಇದ್ದರೆ ಸರಿಯಾದ ಕಾರಣ ಬೇಕು. ಜರ್ಮನಿಯಲ್ಲಿ ಲಾಕ್ ಇದ್ದು ಒಂದೇ ಕೈಯಲ್ಲಿ ತೆರೆಯುವ ಚಾಕುವಿಗೆ ಮೊದಲಿಂದಲೂ ಕಟ್ಟುಪಾಡು ಇತ್ತು. 2024ರ ಕೊನೆಯಿಂದ ಉತ್ಸವ, ಮೇಳಗಳಂಥ ಸಾರ್ವಜನಿಕ ಕಾರ್ಯಕ್ರಮಗಳಿಗೆ ಚಾಕುವನ್ನೇ ತರುವಂತಿಲ್ಲ. ಜಪಾನಿನಲ್ಲಿ 6 ಸೆಂ.ಮೀ. ಮೀರಿದ ಅಲಗು ಕಾರಣವಿಲ್ಲದೆ ಒಯ್ಯುವುದು ಅಪರಾಧ, ಸಣ್ಣದಕ್ಕೂ ಪ್ರಶ್ನೆ ಬರಬಹುದು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಒಟ್ಟಿನಲ್ಲಿ ವಿದೇಶಕ್ಕೆ ಕ್ಲಾಸಿಕ್ ಕಳಿಸಿ, ಅಲ್ಲಿನ ನಿಯಮ ಅವರೇ ಒಮ್ಮೆ ನೋಡಿಕೊಳ್ಳಲಿ.

ಮೂರು ನೂರು ರೂಪಾಯಿಗೆ ಹನ್ನೊಂದು ಸಲಕರಣೆಯ ಕೆಂಪು ಚಾಕು ಸಿಗುತ್ತಿದೆ. ಕೊಳ್ಳಲಾ?

ನಾನು ಕೊಂಡ ಮೊದಲ ಚಾಕು ಅದೇ. ಫುಟ್‌ಪಾತಿನಲ್ಲಿ ತಗೊಂಡೆ, ವಿಕ್ಟೊರಿನಾಕ್ಸ್ ಚಾಕುವಿನಂತೆ ಬಿಳಿ ಶಿಲುಬೆ ಗುರುತೂ ಇತ್ತು. ಮೂರನೇ ದಿನ ಕತ್ತರಿ ಕೈಗೆ ಬಂತು, ಎರಡನೇ ವಾರ ಸ್ಕ್ರೂ ಡ್ರೈವರ್ ತಿರುಪಿನ ಬದಲು ತಾನೇ ತಿರುಗಿತು.

ಅಸಲಿ ಗುರುತಿಸುವುದು ಕಷ್ಟವಲ್ಲ. ದೊಡ್ಡ ಅಲಗಿನ ಬುಡದಲ್ಲಿ ಕಂಪನಿ ಹೆಸರು, ಸ್ವಿಸ್ ಮೇಡ್ ಎಂಬ ಅಕ್ಷರ ಚೂಪಾಗಿ ಕೊರೆದಿರುತ್ತವೆ. ತೆರೆಯುವಾಗ, ಮುಚ್ಚುವಾಗ ಟಕ್ ಎಂಬ ಸದ್ದು ಬರುತ್ತದೆ. ಮುಚ್ಚಿದ ಚಾಕುವನ್ನು ಬೆಳಕಿಗೆ ಹಿಡಿದರೆ ಪದರಗಳ ನಡುವೆ ಸಂದು ಕಾಣುವುದಿಲ್ಲ. ವಿಕ್ಟೊರಿನಾಕ್ಸ್ ಉಕ್ಕಿನ ಮತ್ತು ತಯಾರಿಕೆಯ ದೋಷಕ್ಕೆ ಜೀವಮಾನದ ಗ್ಯಾರಂಟಿ ಕೊಡುತ್ತದೆ, ಬಿಲ್ ಜೋಪಾನ ಮಾಡಿ.

ಚೀನಾದ ಮಾಲು ಎಂದ ಕೂಡಲೇ ಮೂಗು ಮುರಿಯುವುದೂ ಬೇಡ. ಸ್ವಂತ ಹೆಸರಿನಲ್ಲಿ ಮಾರುವ ಗ್ಯಾಂಜೊ, ರಾಕ್ಸನ್, ನೆಕ್ಸ್‌ಟೂಲ್ ಥರದವು ಕೆಲಸಕ್ಕೆ ಬರುತ್ತವೆ. ನನ್ನ ತಕರಾರು ಬೇರೆಯವರ ಹೆಸರು ಹಾಕಿಕೊಂಡು ಮಾರುವವುಗಳ ಮೇಲೆ ಮಾತ್ರ.

ಚೂಡಿದಾರಕ್ಕೆ ಜೇಬೇ ಇಲ್ಲ. ನಾವೇನು ಮಾಡೋಣ?

ಇದನ್ನು ಕೇಳಿದ್ದು ನನ್ನ ಅತ್ತಿಗೆ. ಉತ್ತರ ಕೊಟ್ಟದ್ದೂ ಅವರೇ. ಸ್ಕೂಟಿಯ ಕೀಗೆ ಕ್ಲಾಸಿಕ್ ಸಿಕ್ಕಿಸಿದ್ದಾರೆ. ಬ್ಯಾಗಿನ ತಳದಲ್ಲಿ ಹುಡುಕುವ ರಗಳೆ ಇಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ನಿಂತಲ್ಲೇ ಅಕ್ಕಿ ಚೀಲದ ದಾರ ಬಿಚ್ಚುತ್ತಾರೆ. ಬೀಗದ ಕೈಗೆ ಹಾಕಿದ ಚಾಕುವಿನ ಪ್ಲಾಸ್ಟಿಕ್ ಹಿಡಿ ಗೀರಿ ಮಾಸುತ್ತದೆ, ಅದು ನೋಡಲು ಬೇಸರವೆಂದರೆ ಅಲ್ಯೂಮಿನಿಯಂ ಹಿಡಿಯ ಅಲಾಕ್ಸ್ ತಗೊಳ್ಳಿ. ತೆಳ್ಳಗೆ, ಗಟ್ಟಿ. ಆದರೆ ಅದರಲ್ಲಿ ಚಿಮಟ, ಹಲ್ಲುಕಡ್ಡಿ ಇರುವುದಿಲ್ಲ. ನನಗೆ ಚಿಮಟ ಬೇಕೇ ಬೇಕು. ಜಾಲಿ ಮುಳ್ಳು ಕಾಲಿಗೆ ಹೊಕ್ಕಾಗ, ಕಾಡಿನಿಂದ ಬಂದಮೇಲೆ ಉಣ್ಣೆ ಕಚ್ಚಿಕೊಂಡಿದ್ದಾಗ, ಉಗುರಿನಿಂದ ಕಿತ್ತರೆ ಅರ್ಧ ಒಳಗೇ ಉಳಿಯುತ್ತದೆ.

ಮಕ್ಕಳಿಗೆ ಯಾವ ವಯಸ್ಸಿಗೆ ಕೊಡಬಹುದು?

ಮಗುವನ್ನು ನೋಡಿ, ವಯಸ್ಸನ್ನಲ್ಲ. ನನ್ನ ಮಗಳಿಗೆ ಒಂಬತ್ತಕ್ಕೆ ಕೊಟ್ಟೆ, ಅವಳ ತಮ್ಮನಿಗೆ ಹನ್ನೆರಡಾದರೂ ಧೈರ್ಯ ಬಂದಿಲ್ಲ. ಅಲಗಿನ ತುದಿ ಮೊಂಡಾಗಿರುವ ಮಕ್ಕಳ ಚಾಕುಗಳೇ ಬೇರೆ ಬರುತ್ತವೆ. ಕೂತೇ ಕತ್ತರಿಸಬೇಕು, ಮೈಯಿಂದ ಆಚೆಗೇ ಕತ್ತರಿಸಬೇಕು, ಯಾರಾದರೂ ಹತ್ತಿರ ಬಂದರೆ ಮಡಚಬೇಕು. ಶಾಲೆಗೆ ಒಯ್ಯುವಂತಿಲ್ಲ, ಅದರಲ್ಲಿ ರಿಯಾಯಿತಿ ಇಲ್ಲ.

ಚಾಕು ಉಡುಗೊರೆ ಕೊಡಬಾರದಂತೆ, ಹೌದಾ?

ನಮ್ಮ ಮನೆಯಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೆಳಗಿಡಬೇಕು, ಅವರು ಎತ್ತಿಕೊಳ್ಳಬೇಕು. ಕೊಟ್ಟರೆ ಜಗಳ ಬರುತ್ತದೆ ಎನ್ನುತ್ತಿದ್ದಳು ಅಜ್ಜಿ. ಜಗಳದ ವಿಷಯ ಬಿಡಿ, ಬೆರಳು ಉಳಿಸುವ ಪದ್ಧತಿ ಅದು. ನಾನು ಉಡುಗೊರೆ ಕೊಟ್ಟ ಚಾಕುಗಳೆಲ್ಲ ಟೇಬಲ್ ಮೇಲೆ ಇಟ್ಟೇ ಕೊಟ್ಟದ್ದು.

ಆಯುಧ ಪೂಜೆಗೆ ಇಡಬಹುದಾ?

ಖಂಡಿತ. ಬೈಕು, ಲ್ಯಾಪ್‌ಟಾಪ್, ಈಳಿಗೆಮಣೆಯ ಸಾಲಿನಲ್ಲಿ ನನ್ನದೂ ಇರುತ್ತದೆ. ಕುಂಕುಮವನ್ನು ಹಿಡಿಗೆ ಮಾತ್ರ ಇಡಿ. ಒಂದು ವರ್ಷ ನಮ್ಮಮ್ಮ ಅಲಗು ತೆರೆದು ಅರಿಸಿನ ಕುಂಕುಮ ಕಲಸಿ ಹಚ್ಚಿದ್ದರು. ವಿಜಯದಶಮಿಯ ಮರುದಿನ ಮಡಚಿಟ್ಟವನು ನಾನೇ. ಎರಡು ವಾರ ಬಿಟ್ಟು ತೆರೆದರೆ ಕೀಲಿನಲ್ಲಿ ಮೂರು ತುಕ್ಕಿನ ಚುಕ್ಕಿ. ಎರಡು ಉಜ್ಜಿದರೆ ಹೋದವು, ಒಂದು ಈಗಲೂ ಇದೆ.